ಧಾರಾವಾಹಿಯ ಬಾಹುಕ

ಸಂಜೆ ಏಳು ಗಂಟೆಯಾಯಿತೆಂದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಓಣಿಯಲ್ಲಿ ನಡೆದರೂ ಒಂದೇ ಮನೆಯ ಜಗಳ ಕಿವಿಗೆ ಬೀಳುತ್ತದೆ. ಒಂದು ಮನೆಯ ಅಂಗಳವನ್ನು ದಾಟುವಾಗ ಆರಂಭವಾದ ಮಾತು ಮುಂದಿನ ಮನೆಯ ಅಂಗಳವನ್ನು ದಾಟುವಾಗ ಮುಗಿಯುತ್ತದೆ. ನಡುವೆ ಒಂದು ಗೇರುಹಾಡಿ ಬಂದುದರಿಂದ ನಾಲ್ಕು ವಾಕ್ಯ ತಪ್ಪಿಹೋದರೂ ಕಥೆಗೆ ಯಾವ ಊನವೂ ಬರುವುದಿಲ್ಲ. ನಾಲ್ಕು ವಾಕ್ಯವೇನು, ನಾಲ್ಕು ವಾರ ತಪ್ಪಿಹೋದರೂ ಅಷ್ಟೆ. ಊರಿನ ಜಾತ್ರೆ, ತಂಗಿಯ ಬಾಣಂತನ, ಮುಂಬಯಿಯ ಪ್ರಯಾಣ ಎಲ್ಲವನ್ನೂ ಮುಗಿಸಿಕೊಂಡು ಬಂದು ಕುಳಿತ ಗೃಹಿಣಿಗೆ, ತಾನು ಹೊರಟ ದಿನ ಮೆಟ್ಟಿಲ ಮೇಲೆ ನಿಂತಿದ್ದ ಸೊಸೆ ಇನ್ನೂ ಅಲ್ಲಿಯೇ ನಿಂತಿರುವುದು ಕಾಣಿಸುತ್ತದೆ. ಇಷ್ಟು ಸಹನೆಯಿಂದ ಕಾಯುವ ನೆಂಟರು ಬೇರೆ ಎಲ್ಲಿದ್ದಾರೆ?

ಧಾರಾವಾಹಿಗೆ ಒಂದು ವ್ಯಾಕರಣವುಂಟು. ಒಬ್ಬಳು ಒಂದು ಮಾತನ್ನು ಆಡುತ್ತಾಳೆ. ಕೂಡಲೇ ಅಲ್ಲಿರುವ ಏಳು ಜನರ ಮುಖವನ್ನೂ ಒಂದಾದ ಮೇಲೊಂದರಂತೆ, ಸಿಡಿಲಿನ ಸದ್ದಿನೊಡನೆ ತೋರಿಸಬೇಕು. ಗುಟ್ಟನ್ನು ಹೇಳುವವರು ಗಟ್ಟಿಯಾಗಿಯೇ ಹೇಳಬೇಕು. ಕೇಳಬಾರದವರು ಬಾಗಿಲ ಮರೆಯಲ್ಲಿ ಇದ್ದೇ ಇರಬೇಕು. ಕೆಡುಕಿಗೆ ಕಾಡಿಗೆ ದಟ್ಟವಾಗಿರಬೇಕು, ಸಾಧ್ವಿಗೆ ಕುಂಕುಮ ದೊಡ್ಡದಾಗಿರಬೇಕು. ಸತ್ತವನು ಸತ್ತನೆಂದು ಯಾರೂ ಆತುರಪಟ್ಟು ನಂಬಬಾರದು. ಇದನ್ನು ನಾನು ಕುಹಕಕ್ಕಾಗಿ ಹೇಳುತ್ತಿಲ್ಲ. ಸಂಸ್ಕೃತ ನಾಟಕಕ್ಕೆ ನಾಂದಿ, ಭರತವಾಕ್ಯಗಳಿರುವಂತೆ ಇದಕ್ಕೂ ತನ್ನದೇ ಆದ ಕಟ್ಟಳೆಗಳಿವೆ; ಕಟ್ಟಳೆಗಳಿಗೆ ಕಾರಣಗಳೂ ಇವೆ.

ಕಾರಣಗಳಲ್ಲಿ ಮೊದಲನೆಯದು ಸಾಬೂನು. ಅಮೆರಿಕದಲ್ಲಿ ರೇಡಿಯೋ ಮನೆಮನೆಗೆ ಬಂದ ಕಾಲದಲ್ಲಿ, ಹಗಲು ಹೊತ್ತು ಕೆಲಸ ಮಾಡುತ್ತ ಕೇಳುವ ಗೃಹಿಣಿಯರಿಗಾಗಿ ನಿತ್ಯದ ಕಥೆಗಳು ಹುಟ್ಟಿದವು. ೧೯೩೩ರಲ್ಲಿ ಆರಂಭವಾದ ‘ಮಾ ಪರ್ಕಿನ್ಸ್’ ಎಂಬ ಕಥೆಗೆ ಹಣ ಕೊಟ್ಟುದು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಬಟ್ಟೆ ಒಗೆಯುವ ಪುಡಿ. ಹೀಗೆ ಸಾಬೂನಿನವರು ಸಾಕಿದ ಕಥೆಗಳಾದುದರಿಂದ ಅವಕ್ಕೆ ‘ಸೋಪ್ ಆಪೆರಾ’ ಎಂಬ ಪರಿಹಾಸದ ಹೆಸರು ಬಂದಿತು. ಪರಿಹಾಸವೇ ಮುಂದೆ ಹೆಸರಾಗಿ ನಿಂತಿತು. ಕಥೆ ಮುಗಿದರೆ ಸಾಬೂನು ಮಾರುವ ಬಗೆ ಹೇಗೆ? ಆದುದರಿಂದ ಕಥೆ ಮುಗಿಯಬಾರದು. ಮುಗಿಯದ ಕಥೆಯನ್ನು ದಿನವೂ ತಯಾರಿಸುವವರಿಗೆ ಸಮಯ ಕಡಿಮೆ, ಹಣ ಕಡಿಮೆ. ಹೊರಗಿನ ದೃಶ್ಯಗಳನ್ನು ತೆಗೆಯುವುದಕ್ಕಿಂತ ಒಂದೇ ಪಡಸಾಲೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಮುಖಗಳನ್ನು ತೋರಿಸುವುದು ಸುಲಭ. ಏಳು ಮುಖಗಳನ್ನು ನಿಧಾನವಾಗಿ ತೋರಿಸಿದರೆ ಒಂದು ನಿಮಿಷ ಸಂದಿತು. ಸೊಸೆ ಮೆಟ್ಟಿಲ ಮೇಲೆ ನಿಂತೇ ಇರುವುದರ ರಹಸ್ಯವಿದು.

ನಮ್ಮ ದೇಶಕ್ಕೆ ಈ ರೂಪ ಬಂದುದು ಬೇರೊಂದು ದಾರಿಯಿಂದ. ಮೆಕ್ಸಿಕೋ ದೇಶದಲ್ಲಿ ಸಮಾಜಶಿಕ್ಷಣಕ್ಕಾಗಿ ಧಾರಾವಾಹಿಗಳನ್ನು ಬಳಸಿಕೊಂಡುದನ್ನು ಕಂಡು, ಅದೇ ಮಾದರಿಯಲ್ಲಿ ದೂರದರ್ಶನವು ೧೯೮೪ರ ಜುಲೈಯಲ್ಲಿ ‘ಹಮ್ ಲೋಗ್’ ಅನ್ನು ಆರಂಭಿಸಿತು. ಮನೋಹರ ಶ್ಯಾಮ ಜೋಶಿಯವರು ಬರೆದ ಆ ಕಥೆಯಲ್ಲಿ ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ನಾಲ್ಕು ಹಿತವಚನ ಹೇಳಿ ಹೋಗುತ್ತಿದ್ದರು. ೨೦೦೦ದ ಜುಲೈಯಲ್ಲಿ ಬಂದ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಹಿತವಚನವನ್ನು ಬಿಟ್ಟು ಅತ್ತೆ-ಸೊಸೆಯರನ್ನು ಹಿಡಿಯಿತು. ಅದರ ನಾಯಕ ಮಿಹಿರ್ ಅಪಘಾತದಲ್ಲಿ ಸತ್ತಾಗ ಪ್ರೇಕ್ಷಕರು ತಡೆಯಲಾರದೆ ಹೋದರು. ಆತನನ್ನು ಮರಳಿ ಬದುಕಿಸಬೇಕಾಯಿತು. ಎಂಟು ವರ್ಷ ನಡೆದು ೨೦೦೮ರಲ್ಲಿ ನಿಂತ ಕಥೆ ೨೦೨೫ರ ಜುಲೈಯಲ್ಲಿ ಅದೇ ಹೆಸರಿನಿಂದ ಮತ್ತೆ ಆರಂಭವಾಯಿತು. ಸತ್ತ ನಾಯಕನಷ್ಟೇ ಅಲ್ಲ, ಸತ್ತ ಧಾರಾವಾಹಿಯೂ ಎದ್ದುಬರುತ್ತದೆಂದಾಯಿತು.

ಇಂಥ ಗಟ್ಟಿಯಾದ ವ್ಯಾಕರಣವಿದ್ದಲ್ಲಿ ಅಣಕ ಹುಟ್ಟಲೇಬೇಕು. ಆದರೆ ಅಣಕವೆಂಬುದು ಬೈಗುಳಲ್ಲ. ನಾ. ಕಸ್ತೂರಿಯವರು ‘ಅನರ್ಥಕೋಶ’ವನ್ನು ಬರೆದುದು ನಿಘಂಟನ್ನು ದ್ವೇಷಿಸುವವರಾಗಿ ಅಲ್ಲ, ನಿಘಂಟು ಹೇಗೆ ಮಾತಾಡುತ್ತದೆಂಬುದನ್ನು ಚೆನ್ನಾಗಿ ಅರಿತವರಾಗಿ. ಧಾರಾವಾಹಿಯ ಅಣಕವನ್ನು ಮಾಡುವವನೂ ಸಾವಿರ ಕಂತುಗಳ ಎದುರು ಕುಳಿತೆದ್ದವನಾಗಿರಬೇಕು. ಒಂದೆರಡು ಕಂತು ನೋಡಿ ಮೂಗು ಮುರಿದವನಿಂದ ಈ ಕೆಲಸ ಆಗದು.

ಇದಕ್ಕೆ ಹೆಸರಾಂತ ನಿದರ್ಶನಗಳು ಸಾಬೂನಿನ ಕಥೆ ಹುಟ್ಟಿದ ಅಮೆರಿಕದಲ್ಲಿಯೇ ಇವೆ. ೧೯೭೬ರ ಜನವರಿಯಲ್ಲಿ ನಾರ್ಮನ್ ಲಿಯರ್ ಎಂಬ ನಿರ್ಮಾಪಕರು ‘ಮೇರಿ ಹಾರ್ಟ್‌ಮನ್, ಮೇರಿ ಹಾರ್ಟ್‌ಮನ್’ ಎಂಬ ನಿತ್ಯ ಧಾರಾವಾಹಿಯನ್ನು ತಂದರು. ಸೋಪುಗಳಲ್ಲಿ ಪ್ರತಿಯೊಂದು ಮಾತನ್ನೂ ಎರಡೆರಡು ಬಾರಿ ಹೇಳುತ್ತಾರಷ್ಟೆ. ಅದಕ್ಕೆಂದೇ ಹೆಸರೂ ಎರಡು ಬಾರಿ. ಮೊದಲ ಕಂತಿನಲ್ಲಿ ನೆರೆಮನೆಯ ಇಡಿಯ ಕುಟುಂಬವೇ ಕೊಲೆಯಾಗಿರುತ್ತದೆ. ಜೊತೆಗೆ ಅವರು ಸಾಕಿದ ಆಡು, ಕೋಳಿಗಳೂ ಸತ್ತಿರುತ್ತವೆ. ಇತ್ತ ಮೇರಿಯನ್ನು ಕಾಡುವ ಚಿಂತೆಯೆಂದರೆ ತನ್ನ ಅಡಿಗೆಮನೆಯ ನೆಲದ ಮೇಲೆ ಕುಳಿತ ಮೇಣದ ಹಳದಿ ಕಲೆ. ಜಾಹೀರಾತು ಅವಳಿಗೆ ಕಲಿಸಿದ ದುಃಖ ಅದು. ಮೊದಲು ನಗು ಬರುತ್ತದೆ. ಕಂತುಗಳು ಮುಂದುವರಿದಂತೆ ಅದೇ ಮೇರಿ, ಕ್ಯಾಮೆರಾದ ಎದುರಿನ ಒಂದು ಸಂದರ್ಶನದಲ್ಲಿ ಕುಳಿತಿದ್ದಾಗ ಮನಸ್ಸಿನ ಹಿಡಿತ ತಪ್ಪಿ ಕುಸಿದುಬೀಳುತ್ತಾಳೆ. ನಗುತ್ತ ಬಂದವರು ಅಲ್ಲಿ ನಗಲಾರರು. ಇಷ್ಟು ದಿನ ತಾವು ನಕ್ಕುದು ಯಾವುದಕ್ಕೆಂದು ಅವರು ಆಗ ಯೋಚಿಸಬೇಕಾಗುತ್ತದೆ.

ಮರುವರ್ಷ, ೧೯೭೭ರ ಸೆಪ್ಟೆಂಬರಿನಲ್ಲಿ, ಎ.ಬಿ.ಸಿ. ಸಂಸ್ಥೆಯಲ್ಲಿ ಬಂದುದು ‘ಸೋಪ್’. ಬರೆದವರು ಸೂಸನ್ ಹ್ಯಾರಿಸ್ ಎಂಬ ಲೇಖಕಿ. ಶ್ರೀಮಂತರ ಮನೆ ಸೇರಿದ ಜೆಸ್ಸಿಕಾ, ಸಾಧಾರಣರ ಮನೆ ಸೇರಿದ ಮೇರಿ ಎಂಬ ಅಕ್ಕತಂಗಿಯರ ಎರಡು ಸಂಸಾರಗಳ ಕಥೆ. ವಾರವಾರವೂ ಆರಂಭದಲ್ಲಿ ಒಬ್ಬ ನಿರೂಪಕ ಗಂಭೀರವಾದ ಧ್ವನಿಯಲ್ಲಿ ಹಿಂದಿನ ಸಂಗತಿಗಳನ್ನೆಲ್ಲ ಹೇಳುತ್ತಾನೆ. ಕೇಳುತ್ತ ಕೇಳುತ್ತ ತಲೆ ಗಿರ್ರೆನ್ನುತ್ತದೆ. ಈ ವಾರದ ಕಂತು ನೋಡಿದರೆ ಎಲ್ಲ ಗೊಂದಲ ಪರಿಹಾರವಾಗುತ್ತದೆಂದು ಅವನು ಆಶ್ವಾಸನೆ ಕೊಡುತ್ತಾನೆ. ಪರಿಹಾರವಾಗುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಜೆಸ್ಸಿಕಾ ಮಾಡದ ಕೊಲೆಗೆ ಅಪರಾಧಿಯಾಗುತ್ತಾಳೆ. ಮೇರಿಯ ಗಂಡನನ್ನು ಅನ್ಯಲೋಕದವರು ಎತ್ತಿಕೊಂಡು ಹೋಗಿ, ಅವನಂತೆಯೇ ಕಾಣುವ ಒಬ್ಬನನ್ನು ಮನೆಗೆ ಕಳುಹಿಸುತ್ತಾರೆ. ಸೋಪಿನಲ್ಲಿ ನಾಯಕನ ಪ್ರತಿರೂಪ ಬರುವುದು ವಾಡಿಕೆ. ಇಲ್ಲಿ ಪ್ರತಿರೂಪ ಆಕಾಶದಿಂದಲೇ ಇಳಿದನು.

ಈ ಧಾರಾವಾಹಿಗೆ ವಿರೋಧ ಎದ್ದುದು ಒಂದು ಕಂತೂ ಪ್ರಸಾರವಾಗುವ ಮೊದಲೇ. ಅಶ್ಲೀಲವೆಂದು ಕೇಳಿಬಂದ ಸುದ್ದಿಯನ್ನು ನಂಬಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಪತ್ರ ಬರೆದರು. ಅವುಗಳಲ್ಲಿ ಬಹುತೇಕ ಎಲ್ಲವೂ ಬೇಡವೆಂಬ ಪತ್ರಗಳು. ಸುದ್ದಿ ಪೂರ್ತಿ ಸುಳ್ಳಾಗಿರಲಿಲ್ಲ. ಹಾಸಿಗೆಯ ಮಾತು ಅದರಲ್ಲಿ ಧಾರಾಳವಾಗಿಯೇ ಇತ್ತು. ಆದರೆ ಜನ ನೋಡಿದ ಮೇಲೆ ಉಳಿದುದು ಬೇರೆ. ಮೇರಿಯ ಮಗ ಜೋಡಿ ಸಲಿಂಗಾನುರಾಗಿ; ಮುಂದೆ ಖ್ಯಾತನಾದ ಬಿಲ್ಲಿ ಕ್ರಿಸ್ಟಲ್ ಆ ಪಾತ್ರದಲ್ಲಿದ್ದರು. ತನ್ನ ಮಗುವನ್ನು ತಾನೇ ಸಾಕುವ ಹಕ್ಕಿಗಾಗಿ ಅವನು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ನೋಡುವವರು ಅವನ ಕಡೆಗೆ ವಾಲಿದರು. ಜೆಸ್ಸಿಕಾಳ ಮನೆಯ ಕಪ್ಪುಜನಾಂಗದ ಸೇವಕ ಬೆನ್ಸನ್, ಒಡೆಯರ ಮೂರ್ಖತನವನ್ನು ಒಡೆಯರ ಎದುರಿಗೇ ನಗುತ್ತಿದ್ದನು. ಆ ಪಾತ್ರಕ್ಕಾಗಿ ರಾಬರ್ಟ್ ಗಿಲೋಮ್ ಅವರಿಗೆ ೧೯೭೯ರಲ್ಲಿ ಎಮ್ಮಿ ಪ್ರಶಸ್ತಿ ಬಂದಿತು; ಬೆನ್ಸನ್ ತನ್ನದೇ ಹೆಸರಿನ ಬೇರೊಂದು ಧಾರಾವಾಹಿಯನ್ನು ಕಟ್ಟಿಕೊಂಡು ೧೯೮೬ರವರೆಗೆ ಬಾಳಿದನು. ಗಂಭೀರವಾದ ಕಥೆಗಳು ಹೇಳಲು ಹಿಂಜರಿಯುತ್ತಿದ್ದ ಮಾತುಗಳನ್ನು ಅಣಕದ ಕಥೆ ನಗುವಿನ ಸೆರಗಿನಲ್ಲಿ ಕಟ್ಟಿಕೊಂಡು ಮನೆಯೊಳಕ್ಕೆ ತಂದಿತ್ತು. ಕೊನೆಗೆ ೧೯೮೧ರ ಏಪ್ರಿಲಿನಲ್ಲಿ ‘ಸೋಪ್’ ನಿಂತುಹೋದಾಗ ಜೆಸ್ಸಿಕಾ ಬಂದೂಕುಗಳ ಸಾಲಿನ ಎದುರು ನಿಂತಿದ್ದಳು. ಅವಳೇನಾದಳೆಂಬುದನ್ನು ಆ ಧಾರಾವಾಹಿ ಹೇಳಲಿಲ್ಲ. ಧಾರಾವಾಹಿಯನ್ನು ಅಣಕಿಸಿದವರು ಧಾರಾವಾಹಿಯ ಕಟ್ಟಳೆಯನ್ನು ಕೊನೆಯವರೆಗೂ ಪಾಲಿಸಿದರು!

ಇಂಗ್ಲೆಂಡಿನ ವಿಕ್ಟೋರಿಯಾ ವುಡ್ ಅವರದು ಮತ್ತೊಂದು ಬಗೆ. ೧೯೮೫ರಿಂದ ೧೯೮೭ರವರೆಗೆ ಬಿ.ಬಿ.ಸಿ.ಯಲ್ಲಿ ಬಂದ ಅವರ ‘ಏಕಾರ್ನ್ ಆಂಟೀಕ್ಸ್’ ನಕ್ಕುದು ‘ಕ್ರಾಸ್‌ರೋಡ್ಸ್’ ಎಂಬ ಜನಪ್ರಿಯ ಸೋಪಿನ ಬಡತನವನ್ನು: ಅಲುಗಾಡುವ ಗೋಡೆ, ತಪ್ಪಿದ ಮಾತು, ಸರದಿ ಬರುವ ಮೊದಲೇ ಒಳನುಗ್ಗುವ ಪಾತ್ರಗಳು. ಅಲ್ಲಿ ಜೂಲಿ ವಾಲ್ಟರ್ಸ್ ಆಡಿದ, ಚಹದ ತಟ್ಟೆ ಹಿಡಿದು ಬರುವ ಮುದುಕಿ ಮಿಸೆಸ್ ಓವರಾಲ್ ಅನ್ನು ಜನ ಮನೆಯವಳಂತೆ ಹಚ್ಚಿಕೊಂಡರು. ‘ಕ್ರಾಸ್‌ರೋಡ್ಸ್’ ೧೯೮೮ರಲ್ಲಿ ನಿಂತಿತು. ಅದರ ಅಣಕ ೨೦೦೫ರಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಸಂಗೀತ ನಾಟಕವಾಗಿ ಬಂದಿತು. ಮೂಲವನ್ನು ಪ್ರೀತಿಸದೆ ಮಾಡಿದ ಅಣಕವಾಗಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಕನ್ನಡದ ಮಾತಿಗೆ ಬರೋಣ. ೧೯೯೮ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದ ಮೂಲಕ ನಿತ್ಯ ಧಾರಾವಾಹಿ ನಮ್ಮ ಮನೆಗಳಲ್ಲಿ ಗೌರವದ ಸ್ಥಾನ ಪಡೆಯಿತು. ಆ ಬಳಿಕ ಖಾಸಗಿ ವಾಹಿನಿಗಳಲ್ಲಿ ಕಣ್ಣೀರಿನ ಕಥೆಗಳು ಸಾಲುಗಟ್ಟಿದಾಗ, ಅವುಗಳ ನಡುವೆಯೇ ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಬಂದವು. ಇವನ್ನು ‘ಸೋಪ್’ನಂಥ ನೇರವಾದ ಅಣಕವೆನ್ನಲಾಗದು. ಆದರೂ ಸಿಹಿಕಹಿ ಚಂದ್ರು ಅವರ ಪಾಂಡು ಮತ್ತು ಶ್ರೀಮತಿ, ಅಕ್ಕಪಕ್ಕದ ಧಾರಾವಾಹಿಗಳ ಸಂಸಾರವನ್ನು ತಲೆಕೆಳಗು ಮಾಡಿ ಹಿಡಿದ ದಂಪತಿಗಳೇ. ಅಲ್ಲಿ ಅಳುವ ಹೆಂಡತಿಯಾದರೆ ಇಲ್ಲಿ ನಡುಗುವ ಗಂಡ. ‘ಸಿಲ್ಲಿ ಲಲ್ಲಿ’ಯ ಸಮಾಜಸೇವಕಿ ಲಲಿತಾಂಬ, ಬೇರೆ ಕಥೆಗಳ ತ್ಯಾಗಮಯಿ ನಾಯಕಿಯರು ತಮ್ಮ ತ್ಯಾಗದ ಬಗ್ಗೆ ಆಡುವ ದೊಡ್ಡ ಮಾತುಗಳನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೇರಿಸಿ ಆಡುತ್ತಿದ್ದಳು; ಅಷ್ಟಕ್ಕೇ ಆ ಮಾತುಗಳ ಒಳಗಿನ ಟೊಳ್ಳು ಕೇಳಿಸುತ್ತಿತ್ತು. ಎರಡೂ ಕಥೆಗಳನ್ನು ೨೦೧೮, ೨೦೧೯ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಹೊಸದಾಗಿ ತಂದರೆಂಬುದನ್ನು ನೆನೆದರೆ, ಆ ನಗುವಿಗೆ ಜನ ಹಸಿದಿದ್ದರೆಂದು ತಿಳಿಯುತ್ತದೆ.

ನಮ್ಮ ಸೀಮೆಯವರಿಗಂತೂ ಈ ವಿದ್ಯೆ ಹೊಸದಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಆಟ ನೋಡುತ್ತ ಬೆಳೆದವರಿಗೆ ಹಾಸ್ಯಗಾರನೆಂದರೆ ಯಾರೆಂದು ಹೇಳಬೇಕಾಗಿಲ್ಲ. ರಾಜವೇಷದವರು ಗ್ರಾಂಥಿಕ ಕನ್ನಡದಲ್ಲಿ ಅರ್ಥ ಹೇಳುತ್ತಿರುವಾಗ, ದೂತನಾಗಿ ಬಂದ ಹಾಸ್ಯಗಾರ ಕುಂದಗನ್ನಡದಲ್ಲಿ ಒಂದು ಮಾತನ್ನಾಡಿ ಇಡಿಯ ಸಭೆಯನ್ನೇ ಅಲುಗಿಸುತ್ತಾನೆ. ಕುಂಜಾಲು ರಾಮಕೃಷ್ಣ, ಹಾಲಾಡಿ ಕೊರಗಪ್ಪ ಇವರ ಹೆಸರು ಹೇಳಿದರೆ ಇಂದಿಗೂ ಹಿರಿಯರ ಮುಖ ಅರಳುತ್ತದೆ. ಹಾಸ್ಯಗಾರ ಪ್ರಸಂಗದ ಹೊರಗೆ ನಿಂತು ನಗುವವನಲ್ಲ. ಒಳಗೇ ಇದ್ದು, ರಾಜನ ಪಕ್ಕದಲ್ಲೇ ನಿಂತು ನಗುವವನು. ಪ್ರಸಂಗ ಕೆಟ್ಟರೆ ಅವನೂ ಕೆಟ್ಟಂತೆ.

ಬಡಗುತಿಟ್ಟಿನ ‘ನಳ-ದಮಯಂತಿ’ ಪ್ರಸಂಗದಲ್ಲಿ ಬಾಹುಕನ ಪಾತ್ರ ಸಲ್ಲುವುದು ಹಾಸ್ಯಗಾರನಿಗೆ. ಇದರಲ್ಲಿ ನಮ್ಮ ಹಿರಿಯರ ಸೂಕ್ಷ್ಮಬುದ್ಧಿಯೊಂದುಂಟು. ಬಾಹುಕನು ಬೇರೆ ಯಾರೂ ಅಲ್ಲ. ಕಾರ್ಕೋಟಕನು ಕಚ್ಚಿದುದರಿಂದ ರೂಪಗೆಟ್ಟ ನಳಮಹಾರಾಜನೇ ತಾನೆ? ನಾಯಕನ ದುಃಖದ ಉತ್ತರಾರ್ಧವನ್ನು ನಗಿಸುವವನ ಕೈಗೆ ಕೊಟ್ಟರು. ಪ್ರೇಕ್ಷಕರು ಬಾಹುಕನ ಡೊಂಕನ್ನು ಕಂಡು ನಗುತ್ತಾರೆ. ನಗುತ್ತಲೇ ಒಳಗಿರುವ ನಳನನ್ನು ಕಂಡು ಮರುಗುತ್ತಾರೆ. ಧಾರಾವಾಹಿಯ ಒಳ್ಳೆಯ ಅಣಕವೂ ಧಾರಾವಾಹಿಯ ಬಾಹುಕ. ರೂಪ ಡೊಂಕಾಗಿರುತ್ತದೆ, ಒಳಗಿನ ಸಂಕಟ ಅದೇ. ಜೆಸ್ಸಿಕಾಳನ್ನು ನೋಡಿ ನಗುತ್ತಿದ್ದವರು ಬಂದೂಕಿನ ಎದುರು ಅವಳನ್ನು ಕಂಡು ಉಸಿರು ಹಿಡಿದುದು ಇದಕ್ಕಾಗಿಯೇ.

ಈ ನಗು ಇಂದು ನಮಗೆ ಏತಕ್ಕೆ ಬೇಕೆಂಬುದನ್ನು ಹೇಳದೆ ಹೋದರೆ ಮಾತು ಪೂರ್ಣವಾಗದು. ಧಾರಾವಾಹಿಗಳು ತೋರಿಸುವ ಮನೆಯೊಂದಿದೆ: ದೊಡ್ಡ ಪಡಸಾಲೆ, ಗಂಡನ ಮನೆಗೆ ಬಂದ ಸೊಸೆ, ಬೀಗದಕೈ ಬಿಡದ ಅತ್ತೆ. ಇದು ಎಲ್ಲರ ಮನೆಯೇ? ನಮ್ಮ ಕುಂದಾಪುರ ಸೀಮೆಯಲ್ಲಿ ಮಕ್ಕಳಕಟ್ಟಿನ ಮನೆಗಳ ಪಕ್ಕದಲ್ಲೇ ಅಳಿಯಕಟ್ಟಿನ ಮನೆಗಳಿದ್ದವು. ಅಲ್ಲಿ ವಂಶ ನಡೆಯುತ್ತಿದ್ದುದು ಹೆಣ್ಣಿನಿಂದ; ಮಗಳು ತಾಯಮನೆಯ ಹಕ್ಕುದಾರಳು; ಯಜಮಾನಿಕೆ ಸೋದರಮಾವನದು, ಕೆಲವು ಕಡೆ ಯಜಮಾನ್ತಿಯದು. ಜಗಳ ಅಲ್ಲಿಯೂ ಇತ್ತು, ಧಾರಾಳವಾಗಿಯೇ ಇತ್ತು. ಆದರೆ ಅದು ಮಾವ-ಅಳಿಯಂದಿರ ನಡುವೆ, ಅಕ್ಕತಂಗಿಯರ ಕವರುಗಳ ನಡುವೆ ಪಾಲಿಗಾಗಿ ನಡೆದ ಜಗಳ. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ತರುವಾಯ ಆ ಕಟ್ಟು ಸಡಿಲವಾಯಿತು, ಪಾಲುಗಳಾದವು, ಮನೆಗಳು ಬೇರೆಯಾದವು. ಆ ಮನೆಯ ನೆನಪನ್ನು ಮುಂದಿನವರಿಗೆ ಹೇಳಬೇಕಾದ ಸಂಜೆಯ ಹೊತ್ತಿನಲ್ಲಿ ಈಗ ಎಲ್ಲಿಯದೋ ಪಡಸಾಲೆಯ ಅತ್ತೆ ಕುಳಿತಿದ್ದಾಳೆ. ತರಗತಿಯಲ್ಲಿ ‘ನಮ್ಮ ಕುಟುಂಬಗಳು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸಿದರೆ, ಅಜ್ಜಿಯೇ ಮನೆಯ ಯಜಮಾನ್ತಿಯಾಗಿದ್ದ ವಂಶದ ಹುಡುಗಿಯೂ ಅತ್ತೆಯ ಕಾಟದಿಂದಲೇ ಆರಂಭಿಸುತ್ತಾಳೆ. ಕಂಡುದನ್ನು ಬಿಟ್ಟು ನೋಡಿದುದನ್ನು ಬರೆಯುತ್ತಾಳೆ. ಅಣಕ ಕೆಲಸಕ್ಕೆ ಬರುವುದು ಇಲ್ಲಿಯೇ. ಪಡಸಾಲೆಯ ಗೋಡೆ ಅಲುಗಾಡುವುದನ್ನು ಒಮ್ಮೆ ನಗುತ್ತ ಕಂಡವಳು, ಅದು ಹಲಗೆಯ ಗೋಡೆಯೆಂದೂ, ತನ್ನ ಮನೆಯ ಗೋಡೆ ಬೇರೆಯೆಂದೂ ನೆನೆದಾಳು.

ಒಂದು ಎಚ್ಚರಿಕೆಯ ಮಾತುಂಟು. ನಾವು ಓದಿದವರು ಧಾರಾವಾಹಿಯನ್ನು ನಗುವ ನೆಪದಲ್ಲಿ ಅದನ್ನು ನೋಡುವ ಹೆಂಗಸರನ್ನು ನಗುವುದುಂಟು. ಇದು ಅಣಕವಲ್ಲ, ಅವಿವೇಕ. ಮಕ್ಕಳು ಬೆಂಗಳೂರು, ಮುಂಬಯಿಗಳಲ್ಲಿದ್ದು, ಹೆಮ್ಮಾಡಿಯಂಥ ಊರಿನಲ್ಲಿ ಸೇವಂತಿಗೆಯ ಮಾಲೆ ಕಟ್ಟುತ್ತ ಒಬ್ಬಳೇ ಕುಳಿತ ತಾಯಿಗೆ, ಮಾತಾಡುವ ನಾಲ್ಕು ಮುಖಗಳು ಮನೆಗೆ ಬಂದರೆ ಅದು ಸಣ್ಣ ಉಪಕಾರವಲ್ಲ. ಅವಳಿಗೆ ಏನೂ ತಿಳಿಯದೆಂಬುದೂ ಸುಳ್ಳು. ನಮ್ಮ ದೊಡ್ಡಮ್ಮನವರೊಡನೆ ಈ ಮಾತನ್ನೆತ್ತಿದಾಗ ಅವರು ಮಾಲೆಯಿಂದ ತಲೆಯೆತ್ತದೆಯೆ ಹೇಳಿದರು: “ಅದ್ ಸುಳ್ ಅಂದೇಳಿ ನಂಗ್ ಗೊತ್ತಿಲ್ಯಾ ಮಗಾ? ಆರೆ ಅವ್ಳ್ ನಾಳೆ ಎಂತ ಮಾಡ್ತ್ಳ್ ಅಂದೇಳಿ ಕಾಣ್ಕಲ್ದಾ!” ಆ ಬಳಿಕ ಅವರೇ ಆ ಕೆಡುಕಿಯ ಹುಬ್ಬಿನ ಏರಿಳಿತವನ್ನು ಮಾಡಿ ತೋರಿಸಿದರು. ಯಾವ ಹಾಸ್ಯನಟಿಗೂ ಕಡಿಮೆಯಿಲ್ಲದ ಅಣಕ ಅದು. ಸಾವಿರ ಕಂತು ನೋಡಿದವರಿಗೆ ಮಾತ್ರ ಬರುವ ವಿದ್ಯೆ.

ಈ ಪತ್ರಿಕೆಯ ವಾಚಕರಿಗೆ ಇದೆಲ್ಲ ಹೊಸ ಸಂಗತಿಯಾಗಬೇಕಾಗಿಲ್ಲ. ಮುಂದಿನ ಪುಟಗಳಲ್ಲಿ ಬರುವ ಧಾರಾವಾಹಿ ಕಾದಂಬರಿ, ನಾಯಕಿ ಕಾಗದವನ್ನು ಒಡೆಯುವ ಹೊತ್ತಿಗೆ ಸರಿಯಾಗಿ ನಿಂತು, ತಮ್ಮನ್ನು ಏಳು ದಿನ ಕಾಯಿಸುವುದಿಲ್ಲವೆ? ತಾವು ಬೈದುಕೊಂಡರೂ ಮುಂದಿನ ವಾರ ಮೊದಲು ತೆರೆಯುವುದು ಅದೇ ಪುಟವನ್ನು. ಕಾಯುವುದರಲ್ಲಿ ಒಂದು ಸುಖವುಂಟು. ಆ ಸುಖವನ್ನು ತಿಳಿದವನೇ ಅದನ್ನು ನಗಬಲ್ಲನು. ಮನೆಯ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಧಾರಾವಾಹಿಯನ್ನು ನೋಡಲಿ, ಒಟ್ಟಿಗೆ ನಗಲಿ. ನಗುವಿನ ನಡುವೆ ಅಜ್ಜಿ ತನ್ನ ಮನೆ ಹೇಗಿತ್ತೆಂದು ಹೇಳಲಿ.

ವಿದರ್ಭಕ್ಕೆ ಬಂದ ಕುರೂಪಿ ಸಾರಥಿ ಯಾರೆಂಬುದನ್ನು ದಮಯಂತಿ ಪರೀಕ್ಷಿಸಿದ ಬಗೆಗಳಲ್ಲಿ ಒಂದು ಅಡಿಗೆ. ಕೇಶಿನಿಯ ಕೈಯಲ್ಲಿ ಬಾಹುಕನ ಅಡಿಗೆಯನ್ನು ತರಿಸಿ ರುಚಿ ನೋಡಿದಳು; ಕೈಯ ರುಚಿ ಮಾತ್ರ ಬದಲಾಗಿರಲಿಲ್ಲ.